ಬಣ್ಣ ಆಮೇಲೆ, ಮೊದಲು ಗಾಡಿಯ ಅಡಿ ನೋಡಿ

ಹಳೆಯ ಸ್ಪೋರ್ಟ್ಸ್ ಕಾರು ತಂದು ಗ್ಯಾರೇಜಿನಲ್ಲಿ ನಿಲ್ಲಿಸಿದವರು ಮೊದಲು ಕೇಳುವುದು ಬಣ್ಣದ ಬಗ್ಗೆ. ಮೊದಲಿನ ಕೆಂಪೇ ಇರಲಾ, ಸ್ವಲ್ಪ ಗಾಢ ಮಾಡುವುದಾ, ವೀಲ್ ಕಪ್ಪು ಹೊಡೆಸಿದರೆ ಹೇಗೆ? ನಾನು ಹೂಂ ಅನ್ನುತ್ತಾ ಟಾರ್ಚ್ ಹಿಡಿದುಕೊಂಡು ಗಾಡಿಯ ಅಡಿಗೆ ಹೋಗುತ್ತೇನೆ. ಮಂಗಳೂರಿನಲ್ಲಿ ಕಾರಿನ ವಯಸ್ಸು ತಿಳಿಯುವುದು ಅಲ್ಲಿ.

ನಮ್ಮ ಕಡೆ ಸ್ಪೋರ್ಟ್ಸ್ ಕಾರು ಎನ್ನುವ ಮಾತನ್ನು ಸ್ವಲ್ಪ ಧಾರಾಳವಾಗಿಯೇ ಬಳಸುತ್ತೇವೆ. ನಿಜವಾದ ಎರಡು ಸೀಟಿನದು ಎಂದರೆ 1998ರ ಹೊತ್ತಿಗೆ ಬಂದ ಸ್ಯಾನ್ ಸ್ಟಾರ್ಮ್. ಫೈಬರ್ ಬಾಡಿ, ರೆನೋದ 1149 ಸಿಸಿ ಎಂಜಿನ್. ಉಳಿದಂತೆ ಹಳೆಯ ಹೋಂಡಾ ಸಿಟಿ ವಿಟೆಕ್, ಫಿಯಟ್ ಪಾಲಿಯೋ 1.6, ಅಪರೂಪಕ್ಕೆ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್. ಹೆರಾಲ್ಡನ್ನು ಸ್ಪೋರ್ಟ್ಸ್ ಕಾರು ಅಂದರೆ ನಗುವವರಿದ್ದಾರೆ. ಮಾಲೀಕರ ಎದುರು ಮಾತ್ರ ನಗಬೇಡಿ. ಕಾಲೇಜಿನಲ್ಲಿದ್ದಾಗ ಕನಸಿನಲ್ಲಿ ಓಡಿಸಿದ ಗಾಡಿಯನ್ನು, ಮಕ್ಕಳು ಬೆಂಗಳೂರಿಗೋ ದುಬೈಗೋ ಹೋದ ಮೇಲೆ, ಐವತ್ತು ದಾಟಿದ ಮೇಲೆ ಕೊಂಡವರು ಇವರೆಲ್ಲ. ಗಾಡಿಯ ಜೊತೆಗೆ ತಾವೂ ಸ್ವಲ್ಪ ಹೊಸದಾಗಬೇಕು ಎಂಬ ಆಸೆಯೂ ಇರುತ್ತದೆ. ತಪ್ಪೇನಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ತುಕ್ಕು. ಒಂದೇ ವರ್ಷದ, ಒಂದೇ ಮಾಡೆಲ್‌ನ ಎರಡು ಕಾರು ತನ್ನಿ. ಒಂದು ಒಳನಾಡಿನ ಕಾರ್ಕಳದ್ದು, ಇನ್ನೊಂದು ಕಡಲ ಬದಿಯ ಉಳ್ಳಾಲದ್ದು. ಮೇಲೆ ನೋಡಿದರೆ ಅಣ್ಣತಮ್ಮಂದಿರು. ಜಾಕ್ ಮೇಲೆ ಏರಿಸಿದರೆ ಸಂಬಂಧವೇ ಇಲ್ಲ. ಮಳೆ ಎರಡೂ ಕಡೆ ಜೋರೇ. ವ್ಯತ್ಯಾಸ ಮಾಡುವುದು ಉಪ್ಪು. ಗಾಳಿಯ ತೇವ ಸುಮಾರು ಶೇಕಡಾ 75 ದಾಟಿದರೆ ಅಡುಗೆ ಉಪ್ಪು ತಾನೇ ನೀರು ಎಳೆದುಕೊಂಡು ಕರಗುತ್ತದೆ. ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲಿ ಆಗುವುದು ಅದೇ ಅಲ್ವಾ? ಕಡಲ ಗಾಳಿ ತಂದು ಕೂರಿಸಿದ ಉಪ್ಪು ಚಾಸಿಸ್ ಮೇಲೂ ಹೀಗೇ ಒದ್ದೆಯಾಗಿರುತ್ತದೆ. ಕಾರು ಶೆಡ್ಡಿನಲ್ಲಿ ಒಣಗಿ ನಿಂತಿದೆ ಎಂದು ನಾವು ಅಂದುಕೊಳ್ಳುತ್ತೇವೆ. ಕಬ್ಬಿಣದ ಮಟ್ಟಿಗೆ ಅದು ಒಣಗಿರುವುದಿಲ್ಲ.

ಕೊಳ್ಳುವ ಮೊದಲು ಒಂದು ಸಣ್ಣ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಬಾಡಿಯ ಮೇಲೆ ಓಡಿಸಿ. ವೀಲ್ ಆರ್ಚ್, ಬಾಗಿಲ ಕೆಳಗಿನ ಪಟ್ಟಿ, ಡಿಕ್ಕಿಯ ಮೂಲೆ. ಎಲ್ಲಿ ಅಂಟುವುದಿಲ್ಲವೋ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ. ಅಡಿಗೆ ಹೋಗಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ದಬ್ ಅನ್ನುತ್ತದೆ. ಅಡಿಯಲ್ಲಿ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆದು ಮಿಂಚುತ್ತಿದ್ದರೆ ಖುಷಿಪಡಬೇಡಿ. ಜಾಸ್ತಿ ಅನುಮಾನಪಡಿ. ತುಕ್ಕಿನ ಮೇಲೆಯೇ ಕೋಟಿಂಗ್ ಹೊಡೆದರೆ ಒಳಗಿನ ತೇವ ಅಲ್ಲೇ ಸಿಕ್ಕಿಕೊಂಡು ಇನ್ನೂ ಬೇಗ ತಿನ್ನುತ್ತದೆ.

ಸರಿಯಾದ ಕೆಲಸ ನಿಧಾನದ್ದು. ಕೊಳೆತ ಭಾಗವನ್ನು ಒಳ್ಳೆಯ ತಗಡು ಸಿಗುವವರೆಗೆ ಕತ್ತರಿಸಬೇಕು. ತೂತಿನ ಮೇಲೆ ತೇಪೆ ಹಾಕಿ ವೆಲ್ಡ್ ಮಾಡುವುದು ಕೆಲಸವಲ್ಲ. ಹೊಸ ತಗಡು ಕೂರಿಸಿ, ಉಳಿದ ತುಕ್ಕನ್ನು ಬ್ರಷ್‌ನಲ್ಲಿ ಕೆರೆದು, ಎಪಾಕ್ಸಿ ಪ್ರೈಮರ್ ಕೊಟ್ಟು, ಅದರ ಮೇಲೆ ಕೋಟಿಂಗ್. ಪೆಟ್ಟಿಗೆಯಂತೆ ಮುಚ್ಚಿದ ಭಾಗಗಳ ಒಳಗೆ ಮೇಣದಂಥ ತುಕ್ಕುನಿರೋಧಕವನ್ನು ಉದ್ದ ನಳಿಕೆಯಿಂದ ಸಿಂಪಡಿಸಬೇಕು. ಬಾಗಿಲ ಕೆಳಗೆ ನೀರು ಇಳಿಯಲು ಕಂಪನಿಯವರೇ ಬಿಟ್ಟ ಸಣ್ಣ ತೂತುಗಳಿರುತ್ತವೆ. ಅವನ್ನು ಮುಚ್ಚದೆ ಬಿಡಿಸಿಕೊಡುವುದೂ ಕೆಲಸವೇ. ಮೇಲ್ಚಾವಣಿ ಮಡಚುವ ಕಾರಾದರೆ ಸೀಟಿನ ಹಿಂದೆ ನೀರಿಳಿಯುವ ದಾರಿಗಳಿರುತ್ತವೆ. ಎಲೆ ಕಸ ತುಂಬಿ ಅವು ಕಟ್ಟಿದರೆ ನೀರೆಲ್ಲ ಕಾರಿನೊಳಗೇ.

"ನಮ್ಮದು ಫೈಬರ್ ಬಾಡಿ ಮಾರಾಯ್ರೆ, ತುಕ್ಕಿನ ಭಯ ಇಲ್ಲ" ಎನ್ನುವವರಿದ್ದಾರೆ. ಬಾಡಿಗೆ ಇಲ್ಲ, ಸರಿ. ಕೆಳಗಿರುವುದು ಕಬ್ಬಿಣವೇ. ಫೈಬರ್‌ಗೆ ಇನ್ನೊಂದು ತಾಪತ್ರಯ ಇದೆ. ತಗಡಿನ ಕಾರಿನಲ್ಲಿ ಬಾಡಿಯೇ ಅರ್ಥ್, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ದಾರಿ. ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲವಾದ್ದರಿಂದ ಪ್ರತಿ ಲೈಟಿಗೂ ಬೇರೆ ಅರ್ಥ್ ವೈರ್ ಬೇಕು. ಆ ವೈರ್ ಸೇರುವ ಜಾಗದಲ್ಲಿ ಉಪ್ಪು ಕೂತರೆ ಇಂಡಿಕೇಟರ್ ಹಾಕಿದಾಗ ಹೆಡ್‌ಲೈಟ್ ಮಿಣುಕುತ್ತದೆ, ಬ್ರೇಕ್ ಒತ್ತಿದರೆ ಮೀಟರಿನ ಮುಳ್ಳು ಕುಣಿಯುತ್ತದೆ. ವೈರಿಂಗ್ ಪೂರ್ತಿ ಬದಲಿಸಬೇಕು ಎಂದು ಯಾರಾದರೂ ದೊಡ್ಡ ಎಸ್ಟಿಮೇಟ್ ಕೊಟ್ಟರೆ, ಮೊದಲು ಅರ್ಥ್ ಪಾಯಿಂಟ್‌ಗಳನ್ನು ಬಿಚ್ಚಿ ಉಜ್ಜಿ ಗ್ರೀಸ್ ಹಚ್ಚಿಸಿ ನೋಡಿ. ಎಷ್ಟೋ ಸಲ ಕಥೆ ಅಲ್ಲಿಗೇ ಮುಗಿಯುತ್ತದೆ.

ಇನ್ನು ಬ್ರೇಕ್. ಇಲ್ಲಿ ನಾನು ರಾಜಿ ಮಾಡುವುದಿಲ್ಲ. ನಮ್ಮವರಿಗೆ ಭಾನುವಾರ ಗಾಡಿ ತೆಗೆದರೆ ಒಂದೋ ಮರವಂತೆ, ಇಲ್ಲವೇ ಘಾಟಿ. ಮರವಂತೆಯ ದಾರಿ ಚಪ್ಪಟೆ, ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ಗಾಡಿಗೆ ಏನೂ ಕಷ್ಟವಿಲ್ಲ. ಆಗುಂಬೆ ಹಾಗಲ್ಲ. ಹತ್ತುವುದು ಎಂಜಿನ್‌ಗೆ ಪರೀಕ್ಷೆ, ಇಳಿಯುವುದು ಬ್ರೇಕಿಗೆ. ಬ್ರೇಕ್ ಆಯಿಲ್ ಎಂದು ನಾವು ಕರೆಯುವುದು ನಿಜಕ್ಕೂ ಆಯಿಲ್ ಅಲ್ಲ, ಗಾಳಿಯ ತೇವವನ್ನು ಕುಡಿಯುವ ದ್ರವ. ಡಾಟ್ 4 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ. ನೀರು ಸೇರಿದ ಮೇಲೆ ಅದಕ್ಕೆ ಇಟ್ಟಿರುವ ಕನಿಷ್ಠ ಮಟ್ಟ 155 ಡಿಗ್ರಿ. ತಿರುವಿನಿಂದ ತಿರುವಿಗೆ ಬ್ರೇಕ್ ಒತ್ತಿಕೊಂಡೇ ಇಳಿದರೆ ಆ ಬಿಸಿ ದೂರವಿಲ್ಲ. ದ್ರವ ಕುದ್ದರೆ ಪೈಪಿನಲ್ಲಿ ಆವಿಯ ಗುಳ್ಳೆ. ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಆದ್ದರಿಂದ ಎರಡು ವರ್ಷಕ್ಕೊಮ್ಮೆ, ಓಡಿಸಿರಲಿ ಬಿಡಲಿ, ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ. ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಜಾಣರ ಗಾಡಿಯಲ್ಲಿ ನಾನು ಕೂರುವುದಿಲ್ಲ.

ಟೈರ್ ವಿಷಯವೂ ಇಲ್ಲೇ ಹೇಳುತ್ತೇನೆ. ಕಡಿಮೆ ಓಡಿದ ಕಾರಿನ ಟೈರಿನಲ್ಲಿ ಹಲ್ಲು ಹಾಗೇ ಇರುತ್ತದೆ, ರಬ್ಬರ್ ಮಾತ್ರ ಗಟ್ಟಿಯಾಗಿರುತ್ತದೆ. ಮೊದಲ ಮಳೆಗೆ ಜಾರುವುದು ಇಂಥವೇ. ಪಕ್ಕದಲ್ಲಿ ನಾಲ್ಕು ಅಂಕಿ ನೋಡಿ. 2315 ಎಂದಿದ್ದರೆ 2015ರ 23ನೇ ವಾರ ತಯಾರಾದದ್ದು. ಹತ್ತು ವರ್ಷ ದಾಟಿದ ಟೈರ್ ಎಷ್ಟೇ ಚಂದ ಕಂಡರೂ ತೆಗೆಸಿ.

ರೇಡಿಯೇಟರಿಗೆ ಬಾವಿ ನೀರು ಸುರಿಯುವ ಅಭ್ಯಾಸ ಇನ್ನೂ ಹೋಗಿಲ್ಲ. "ನಮ್ಮಲ್ಲಿ ಹಿಮ ಬೀಳ್ತದಾ, ಕೂಲೆಂಟ್ ಯಾಕೆ?" ಎಂದು ಕೇಳುತ್ತಾರೆ. ಹಿಮಕ್ಕಲ್ಲ. ಕೂಲೆಂಟಿನಲ್ಲಿ ತುಕ್ಕು ತಡೆಯುವ ಔಷಧಿ ಇದೆ, ಅದು ನೀರಿನ ಕುದಿಯುವ ಬಿಸಿಯನ್ನೂ ಏರಿಸುತ್ತದೆ. ಅಲ್ಯುಮಿನಿಯಂ ಹೆಡ್ ಇರುವ ಎಂಜಿನ್‌ಗೆ ಅದು ಬೇಕೇ ಬೇಕು. ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲೆಂಟ್ ಅರ್ಧ. ಅಷ್ಟೇ.

ಪೆಟ್ರೋಲ್ ಬಗ್ಗೆ ಈಗ ಎಲ್ಲರಿಗೂ ಚಿಂತೆ. 2023ರ ಫೆಬ್ರವರಿಯಿಂದ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್ ಬರಲು ಶುರುವಾಯಿತು. ಹಳೆಯ ಎಂಜಿನ್ ಅದನ್ನು ಕುಡಿದ ಕೂಡಲೇ ಸಾಯುವುದಿಲ್ಲ. ತೊಂದರೆ ಆಗುವುದು ರಬ್ಬರಿಗೆ. ಹಳೆಯ ಪೆಟ್ರೋಲ್ ಹೋಸ್, ಕಾರ್ಬ್ಯುರೇಟರಿನ ವಾಷರ್, ಪಂಪಿನ ಪೊರೆ ಉಬ್ಬಿ ಬಿರುಕು ಬಿಡುತ್ತವೆ. ಎಥನಾಲ್ ಕೂಡ ತೇವ ಎಳೆಯುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಸಮೇತ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಆದ್ದರಿಂದ ಹೋಸ್‌ಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಿಸಿ. ಇಂಜೆಕ್ಷನ್ ಎಂಜಿನ್ ಆದರೆ ಒತ್ತಡ ತಾಳುವ ಹೋಸೇ ಬೇಕು, ಮಾಮೂಲಿ ಪೈಪ್ ಹಾಕಿಸಿದರೆ ಬೆಂಕಿಗೆ ದಾರಿ. ಹಳೆಯ ಪೆಟ್ರೋಲ್ ತುಂಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಮಳೆಗಾಲದಲ್ಲಿ ಅನೇಕರು ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತಾರೆ. ಗಾಡಿಗೆ ಒಳ್ಳೆಯದು ಎಂಬ ನಂಬಿಕೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಬರುತ್ತದೆ. ಸೈಲೆನ್ಸರ್ ಬಿಸಿಯಾಗದಿದ್ದರೆ ಆ ಆವಿ ಒಳಗೇ ತಣ್ಣಗಾಗಿ ನೀರಾಗಿ ನಿಲ್ಲುತ್ತದೆ, ಒಳಗಿನಿಂದ ತಿನ್ನುತ್ತದೆ. ಸುಮ್ನೆ ಸ್ಟಾರ್ಟ್ ಮಾಡುವ ಬದಲು ಮಳೆ ಬಿಟ್ಟ ದಿನ ಸುರತ್ಕಲ್ ತನಕ ಹೋಗಿ ಬನ್ನಿ. ಬಂದ ಮೇಲೆ ಅಡಿಗೆ ಸಿಹಿನೀರು ಬಿಡಿ. ಪ್ಲಾಸ್ಟಿಕ್ ಟರ್ಪಾಲು ಮುಚ್ಚಬೇಡಿ, ಗಾಳಿಯಾಡುವ ಬಟ್ಟೆಯ ಕವರ್ ಸಾಕು. ಇಲಿಗಳ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಅಂಕಣವೇ ಬೇಕು.

ಇಷ್ಟೆಲ್ಲ ಆದ ಮೇಲೆ ಬಣ್ಣ ಹೊಡೆಸಿ. ಮಳೆಗಾಲ ಕಳೆದು ಗಾಳಿ ಒಣಗಿದ ಮೇಲೆ ಹೊಡೆಸಿದರೆ ಒಳ್ಳೆಯದು, ತೇವದಲ್ಲಿ ಹೊಡೆದ ಬಣ್ಣ ಮಂಜು ಹಿಡಿದ ಹಾಗೆ ಕಾಣುತ್ತದೆ. ಮೊದಲಿನ ಬಣ್ಣವೇ ಇರಲಿ ಎನ್ನುವುದು ನನ್ನ ಅಭಿಪ್ರಾಯ. ಬದಲಿಸುವುದೇ ಆದರೆ ಆರ್‌ಟಿಒದಲ್ಲಿ ತಿಳಿಸಿ ಆರ್‌ಸಿಯಲ್ಲಿ ನಮೂದಿಸಬೇಕು. 15 ವರ್ಷ ದಾಟಿದ ಕಾರಿನ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು ಎಂಬುದೂ ನೆನಪಿರಲಿ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿ ಬೇರೆಯೇ ಇದೆ. ಅದು ಸಿಕ್ಕರೆ ದಿನಾ ಓಡಿಸುವಂತಿಲ್ಲ.

ಈಗ ಮಾಲೀಕರ ವಿಷಯ. ಗ್ಯಾರೇಜಿನವನಿಗೆ ಬಟ್ಟೆಯ ಉಸಾಬರಿ ಯಾಕೆ ಎಂದು ಕೇಳಬಹುದು. ಕಾರು ತೆಗೆದುಕೊಂಡು ಹೋಗುವ ದಿನ ಅವರು ಹೇಗೆ ಬರುತ್ತಾರೆ ಎಂದು ನೋಡುವವನು ನಾನೇ ತಾನೇ! ಕೆಲವರು ಮೈತುಂಬ ಕಂಪನಿ ಲಾಂಛನ ಇರುವ ರೇಸಿಂಗ್ ಜಾಕೆಟ್, ಬೆರಳು ಕಾಣುವ ಗ್ಲವ್ಸ್, ಕೂದಲಿಗೆ ಅಚ್ಚ ಕಪ್ಪು ಡೈ ಹಾಕಿಕೊಂಡು ಬರುತ್ತಾರೆ. ಯಕ್ಷಗಾನದ ವೇಷ ಕಟ್ಟಿಕೊಂಡು ಪೇಟೆಗೆ ಬಂದವರ ಹಾಗೆ ಕಾಣುತ್ತದೆ. ಏಪ್ರಿಲ್ ಬಿಸಿಲಿಗೆ ಆ ಜಾಕೆಟ್ ಪಂಪ್‌ವೆಲ್ ತನಕವೂ ಮೈಮೇಲೆ ಇರುವುದಿಲ್ಲ.

ಅಂಗಡಿಗೆ ಹೋಗುವ ಮೊದಲು ಅಲ್ಮೇರಾ ತೆಗೆಯಿರಿ. ಅಳತೆಗೆ ಸರಿಯಾಗಿ ಕೂರದ ಅಂಗಿಗಳನ್ನು ಹೊರಗಿಡಿ. ಸೊಂಟ, ತೋಳಿನ ಉದ್ದ, ಪ್ಯಾಂಟಿನ ಕೆಳಗಿನ ಅಗಲ ಇವನ್ನೆಲ್ಲ ಟೈಲರ್ ಸರಿ ಮಾಡಬಲ್ಲರು. ಭುಜ ಕೂರದಿದ್ದರೆ ಆ ಅಂಗಿಯನ್ನು ಯಾರಿಗಾದರೂ ಕೊಟ್ಟುಬಿಡಿ, ಅದನ್ನು ಸರಿ ಮಾಡಲು ಹೋದರೆ ಹೊಸದರ ಖರ್ಚಾಗುತ್ತದೆ. ನಮ್ಮ ಸೆಕೆಗೆ ಹತ್ತಿ ಮತ್ತು ಲಿನನ್ ಬಿಟ್ಟರೆ ಬೇರೆ ದಾರಿಯಿಲ್ಲ. ಪಾಲಿಯೆಸ್ಟರ್ ಅಂಗಿ ರೆಕ್ಸಿನ್ ಸೀಟಿಗೆ ಅಂಟಿಕೊಂಡರೆ ಇಳಿಯುವಾಗ ಮರ್ಯಾದೆ ಹೋಗುತ್ತದೆ. ಕೂದಲು ನೆರೆತಿದ್ದರೆ ಇರಲಿ, ಒಳ್ಳೆಯ ಕಟಿಂಗ್ ಮಾಡಿಸಿ ಸಾಕು. ಗಾಡಿಯೂ ಹಳೆಯದೇ ಅಲ್ವಾ?

ನಾನು ಜೋರು ಮಾಡಿ ಹೇಳುವುದು ಚಪ್ಪಲಿಯ ಬಗ್ಗೆ ಮಾತ್ರ. ಹವಾಯಿ ಚಪ್ಪಲಿ ಪೆಡಲಿನ ಅಡಿಗೆ ಸಿಕ್ಕಿಕೊಳ್ಳುತ್ತದೆ. ದಪ್ಪ ಸೋಲಿನ ಸ್ಪೋರ್ಟ್ಸ್ ಶೂ ಹಾಕಿದರೆ ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂದು ಕಾಲಿಗೆ ಗೊತ್ತೇ ಆಗುವುದಿಲ್ಲ. ಈ ಸಣ್ಣ ಕಾರುಗಳಲ್ಲಿ ಪೆಡಲ್‌ಗಳು ಒತ್ತೊತ್ತಾಗಿರುತ್ತವೆ, ಅಗಲ ಶೂ ಹಾಕಿದವರು ಬ್ರೇಕ್ ಜೊತೆ ಆಕ್ಸಿಲರೇಟರನ್ನೂ ಒತ್ತುತ್ತಾರೆ. ತೆಳು ಸೋಲಿನ, ಹಿಮ್ಮಡಿ ಹಿಡಿದುಕೊಳ್ಳುವ, ಅಗಲ ಕಡಿಮೆ ಇರುವ ಚರ್ಮದ ಶೂ ಒಂದು ಕೊಳ್ಳಿ. ಪ್ಯಾಂಟಿಗೂ ಒಪ್ಪುತ್ತದೆ. ಮಳೆಗಾಲದಲ್ಲಿ ಅದಕ್ಕೆ ಬೂಸ್ಟು ಹಿಡಿಯುತ್ತದೆ, ಒಳಗೆ ಪೇಪರ್ ತುರುಕಿ ಗಾಳಿಯಾಡುವ ಕಡೆ ಇಡಿ.

ಬೆಲ್ಟಿನ ದೊಡ್ಡ ಬಕ್ಕಲ್ ಮತ್ತು ಸೊಂಟಕ್ಕೆ ಸಿಕ್ಕಿಸಿದ ಬೀಗದ ಕೈ ಗೊಂಚಲು ಹೊಸ ಬಣ್ಣದ ಶತ್ರುಗಳು. ಫೋಟೋಗೆಂದು ಬಾನೆಟ್‌ಗೆ ಒರಗಿದಾಗ ಬೀಳುವ ಗೀರುಗಳೆಲ್ಲ ಅವುಗಳವೇ. ಇನ್ನು ಡಿಕ್ಕಿಯಲ್ಲಿ ಟಾರ್ಚ್, ನಾಲ್ಕು ಫ್ಯೂಸ್, ಒಂದೆರಡು ಹೋಸ್ ಕ್ಲಿಪ್, ಬೆರೆಸಿದ ಕೂಲೆಂಟಿನ ಬಾಟಲಿ, ಒಂದು ಹಳೆಯ ಅಂಗಿ ಇಟ್ಟುಕೊಳ್ಳಿ. ಲಿನನ್‌ಗೆ ತಾಗಿದ ಎಂಜಿನ್ ಆಯಿಲ್ ಹೋಗುವುದಿಲ್ಲ.