ದೊಡ್ಡವರಿಗೆ ಪಿಯಾನೊ: ಪ್ರತಿ ಸಲ ಮೊದಲಿಂದ ಶುರು ಮಾಡಬೇಡಿ

ಕೆಲಸ ಮುಗಿಸಿ ಸಂಜೆ ಪಿಯಾನೊ ಕಲಿಯೋಕೆ ಬರುವ ದೊಡ್ಡವರಿಗೆ ಪಾಠ ಹೇಳುವವಳು ನಾನು. ಅವರ ಶ್ರದ್ಧೆ ಕಂಡರೆ ನನಗೆ ನಿಜಕ್ಕೂ ಗೌರವ. ತೊಂದರೆ ಇರುವುದು ಮನೆಯ ಅಭ್ಯಾಸದಲ್ಲಿ. ಕೂತ ತಕ್ಷಣ ಮೊದಲ ಬಾರ್‌ನಿಂದ (ಬಾರ್ ಅಂದರೆ ಸ್ವರಲಿಪಿಯಲ್ಲಿ ಎರಡು ಗೆರೆಗಳ ನಡುವಿನ ಒಂದು ಮನೆ) ಶುರು ಮಾಡುತ್ತಾರೆ, ಎಡವಿದ ಕಡೆ ನಿಲ್ಲುತ್ತಾರೆ, ಮತ್ತೆ ಮೊದಲಿಂದ ನುಡಿಸುತ್ತಾರೆ. ತಿಂಗಳು ಕಳೆದ ಮೇಲೆ ಮೊದಲ ಸಾಲು ನೀರು ಕುಡಿದಷ್ಟು ಸಲೀಸು, ಎಡವುವ ಜಾಗ ಮಾತ್ರ ಹಾಗೇ ಇರುತ್ತದೆ.

ಹೊಸಬರು ಕಲಿಯುವ ಜಿ ಮೇಜರ್ ಮಿನ್ಯುಯೆಟ್ಟನ್ನೇ (ನೃತ್ಯದ ಲಯದ ಒಂದು ಚಿಕ್ಕ ರಚನೆ) ನೋಡಿ. ಬಾಖ್ ರಚನೆ ಅಂತ ಬಹಳ ಕಾಲ ನಂಬಿದ್ದರು, ಈಗ ಅದು ಕ್ರಿಶ್ಚಿಯನ್ ಪೆಟ್ಜೋಲ್ಡ್ ಅವರದು ಎನ್ನುತ್ತಾರೆ. ಒಟ್ಟು 32 ಬಾರ್, ಒಂದೊಂದಕ್ಕೆ ಮೂರು ಎಣಿಕೆ. ಮೊದಲ ಎರಡು ಬಾರ್‌ನಲ್ಲಿ ಬಲಗೈಯ ಐದು ಬೆರಳು ಐದು ಕೀ ಮೇಲೆ ಆರಾಮಾಗಿ ಕೂತಿರುತ್ತವೆ. ಮೂರನೇ ಬಾರ್‌ಗೆ ಕೈ ಬಲಕ್ಕೆ, ಮೇಲಿನ ಸ್ವರಗಳತ್ತ ಸರಿಯಬೇಕು, ಜನ ಎಡವುವುದು ಅಲ್ಲೇ. ಹಾಗಾದರೆ ಎರಡನೇ ಬಾರ್‌ನ ಕೊನೆಯ ಸ್ವರ, ಮೂರನೆಯದರ ಮೊದಲ ಸ್ವರ, ಇವೆರಡನ್ನೇ ನುಡಿಸಿ. ಅದು ಕೂತ ಮೇಲೆ ಹಿಂದಿಂದ ಒಂದು ಸ್ವರ, ಮುಂದಿಂದ ಒಂದು ಸ್ವರ ಸೇರಿಸುತ್ತಾ ಹೋಗಿ. ಯಾವ ಬೆರಳು ಎಲ್ಲಿ ಅಂತ ಪೆನ್ಸಿಲ್‌ನಲ್ಲಿ ಬರೆದಿಡಿ, ಹೆಬ್ಬೆರಳು 1, ಕಿರುಬೆರಳು 5. ಇವತ್ತೊಂದು ಬೆರಳು ನಾಳೆಯೊಂದು ಬೆರಳು ಅಂತಾದರೆ ಕೈಗೆ ನೆನಪಿಡೋಕೆ ಏನೂ ಸಿಗುವುದಿಲ್ಲ, ಅಲ್ವಾ? ಎಡಗೈಯ ಭಾಗವನ್ನು ಬೇರೆಯಾಗಿಯೂ ನುಡಿಸಿ, ಅದನ್ನೇ ಎಲ್ಲರೂ ಬಿಡುವುದು.

ವೇಗದ ಆಸೆ ಇನ್ನೊಂದು. ಲಯ ತೋರಿಸಲು ಟಿಕ್ ಟಿಕ್ ಅನ್ನುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಟಿಕ್‌ಗೆ ಇಟ್ಟರೂ ತಪ್ಪುತ್ತದೆಯಾ? 50ಕ್ಕೆ ಇಳಿಸಿ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆಯನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಹಾಡಿದವರಿಗೆ ಇದು ಹೊಸದಲ್ಲ, ಒಂದನೇ ಕಾಲ ಗಟ್ಟಿಯಾಗದೆ ಎರಡನೆಯದು ಬರುವುದಿಲ್ಲ ಅಂತ ಅವರಿಗೆ ಗೊತ್ತು. ಅಂಥವರಿಗೆ ನಾನು ಸರಳೆ ವರಸೆಯ ರಾಗವಾದ ಮಾಯಾಮಾಳವಗೌಳವನ್ನೇ ಕೊಡುತ್ತೇನೆ. ಸಿ ಕೀಯನ್ನು ಷಡ್ಜ (ಸ) ಮಾಡಿಕೊಂಡರೆ ರಿಷಭ (ರಿ), ಧೈವತ (ದ) ಎರಡು ಮಾತ್ರ ಕಪ್ಪು ಕೀ. ಬರೀ ಬಿಳಿ ಕೀಗಳ ಸಿ ಮೇಜರ್ ಸ್ವರಸಾಲಿಗೆ ಬಳಸುವ ಬೆರಳುಗಳೇ ಇಲ್ಲೂ ಸರಿಹೋಗುತ್ತವೆ: ಬಲಗೈಯಲ್ಲಿ 1-2-3, ಹೆಬ್ಬೆರಳನ್ನು ಕೆಳಗಿಂದ ತಂದು ಮಧ್ಯಮಕ್ಕೆ (ಮ) ಇಟ್ಟು, 1-2-3-4-5. ಕಿವಿಗೆ ರಾಗ ಮೊದಲೇ ಗೊತ್ತಿರುವುದರಿಂದ ತಪ್ಪಿದ್ದು ಅವರಿಗೇ ತಿಳಿಯುತ್ತದೆ.

ಭಾನುವಾರ ಎರಡು ಗಂಟೆ ಕೂರುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ಮೇಲು. ಕಲಿತದ್ದು ಗಟ್ಟಿಯಾಗೋಕೆ ನಡುವೆ ನಿದ್ದೆ ಬೇಕು. ಕೀಬೋರ್ಡನ್ನು ಬ್ಯಾಗಿಗೆ ಹಾಕಿ ಅಟ್ಟದ ಮೇಲಿಡಬೇಡಿ, ಸ್ಟ್ಯಾಂಡ್ ಮೇಲೇ ಇರಲಿ. ರಾತ್ರಿಯಾದರೆ ಹೆಡ್‌ಫೋನ್ ಹಾಕಿಕೊಳ್ಳಿ.

ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವವರು ಸೀಟಿನ ಎತ್ತರ ನೋಡಿಕೊಳ್ಳಿ. ಮೊಣಕೈ ಹೆಚ್ಚುಕಡಿಮೆ ಕೀ ಮಟ್ಟಕ್ಕೆ ಇರಬೇಕು, ಭುಜ ಮೇಲೇರಬಾರದು. ಮಣಿಕಟ್ಟು ನೋಯುತ್ತಿದ್ದರೆ ಸುಮ್ನೆ ಹಟ ಹಿಡಿದು ನುಡಿಸಬೇಡಿ, ಆ ದಿನ ಸ್ವರಲಿಪಿಯ ಹಾಳೆ ನೋಡುತ್ತಾ ಸ್ವರ ಹಾಡಿಕೊಳ್ಳಿ, ಅದೂ ಅಭ್ಯಾಸವೇ.