ಕಾಲುಬಾಯಿ ಜ್ವರ: ಯಾವ ಊರಿನ ವೈರಸ್?

ಕಾಲುಬಾಯಿ ಜ್ವರವನ್ನು ಗುರುತಿಸಲು ಹಸು ಸಾಕಿದವರಿಗೆ ಲ್ಯಾಬ್ ಬೇಕಿಲ್ಲ. ಬಾಯಿಂದ ಜೊಲ್ಲು, ಗೊರಸಿನ ಸಂದಿಯಲ್ಲಿ ಹುಣ್ಣು, ಮೇವು ಬೇಡ, ಹಾಲು ಸರ್ರನೆ ಇಳಿಯುತ್ತದೆ. ಆದರೆ ‘ಯಾವ ಕಾಲುಬಾಯಿ?’ ಎಂದು ಕೇಳಿದರೆ ಹಸು ನೋಡಿ ಹೇಳಲು ಯಾರಿಗೂ ಆಗದು. ಏಕೆಂದರೆ ಈ ವೈರಸ್‌ನಲ್ಲಿ ಏಳು ಮಾದರಿಗಳಿವೆ.

ಓ, ಎ, ಸಿ, ಏಷ್ಯಾ-1, ಜೊತೆಗೆ ಆಫ್ರಿಕಾದ ಸ್ಯಾಟ್-1, 2 ಮತ್ತು 3. ಮೊದಲೆರಡನ್ನು 1922ರಲ್ಲಿ ಬೇರೆ ಬೇರೆ ಎಂದು ತೋರಿಸಿದವರು ಫ್ರಾನ್ಸಿನ ವಾಲೆ ಮತ್ತು ಕಾರೆ. ‘ಓ’ ಬಂದದ್ದು ಅಲ್ಲಿನ ಒಂದು ಜಿಲ್ಲೆಯ ಹೆಸರಿನ ಮೊದಲ ಅಕ್ಷರದಿಂದ. ‘ಎ’ ಬಂದದ್ದು ಜರ್ಮನಿಗೆ ಫ್ರೆಂಚರು ಕರೆಯುವ ಹೆಸರಿನಿಂದ. ನೆರೆಯವರ ಹೆಸರಲ್ಲೇ ರೋಗ ಇಡುವುದು ಎಲ್ಲ ಕಡೆಯೂ ಇದ್ದದ್ದೇ, ಅಲ್ವಾ?

ಒಂದು ಮಾದರಿ ತಗುಲಿ ವಾಸಿಯಾದ ದನಕ್ಕೆ ಇನ್ನೊಂದು ಮಾದರಿ ಬರಬಹುದು. ಲಸಿಕೆಯ ಕಥೆಯೂ ಅಷ್ಟೇ. ಅದಕ್ಕೇ ನಮ್ಮ ದನಗಳಿಗೆ ಹಾಕುವ ಲಸಿಕೆಯಲ್ಲಿ ಓ, ಎ, ಏಷ್ಯಾ-1 ಮೂರೂ ಇರುತ್ತವೆ. ‘ಸಿ’ ಭಾರತದಲ್ಲಿ 1995ರ ನಂತರ ಕಂಡಿಲ್ಲ.

ಮಾದರಿ ತಿಳಿದರೆ ಯಾವ ಲಸಿಕೆ ಎಂದು ಗೊತ್ತಾಗುತ್ತದೆ. ವೈರಸ್ ಎಲ್ಲಿಂದ ಬಂತು ಎಂದು ತಿಳಿಯಲು ಅದರ ಜೀನ್ ಓದಬೇಕು. ಹಳೆಯ ಓಲೆಗರಿ ಪ್ರತಿಗಳನ್ನು ನೆನಪಿಸಿಕೊಳ್ಳಿ. ಒಬ್ಬ ಮಾಡಿದ ತಪ್ಪನ್ನು ಅವನ ಪ್ರತಿ ನೋಡಿ ಬರೆದವರೂ ಮಾಡುತ್ತಾರೆ. ಒಂದೇ ತಪ್ಪು ಇರುವ ಪ್ರತಿಗಳೆಲ್ಲ ಒಂದೇ ಮೂಲದವು. ಈ ವೈರಸ್ ಕೂಡ ತನ್ನನ್ನು ನಕಲು ಮಾಡಿಕೊಳ್ಳುವಾಗ ತಪ್ಪುತ್ತದೆ, ತಿದ್ದಿಕೊಳ್ಳುವುದಿಲ್ಲ. ಅದರ ಜೀನ್‌ಗಳಿರುವ ಆರ್‌ಎನ್‌ಎ ಎಂಬ ಎಳೆಯಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಅಕ್ಷರಗಳಿವೆ. ವಿಜ್ಞಾನಿಗಳು ಹೆಚ್ಚಾಗಿ ಓದುವುದು ವಿಪಿ-1 ಎಂಬ ಹೊರಕವಚದ ಪ್ರೋಟೀನಿಗೆ ಸಂಬಂಧಿಸಿದ ಸುಮಾರು 630 ಅಕ್ಷರಗಳನ್ನು. ಇದರಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ ಶೇಕಡಾ 1ರಷ್ಟು ಬದಲಾಗುತ್ತದೆ.

‘ಓ’ ಮಾದರಿಯ ಎರಡು ವೈರಸ್‌ಗಳ ನಡುವೆ ಶೇಕಡಾ 15ಕ್ಕಿಂತ ಜಾಸ್ತಿ ವ್ಯತ್ಯಾಸ ಕಂಡರೆ ಅವನ್ನು ಬೇರೆ ಬೇರೆ ಸೀಮೆಯ ಗುಂಪುಗಳಿಗೆ ಸೇರಿಸುತ್ತಾರೆ. ಗುಂಪಿನೊಳಗೆ ಮತ್ತೆ ಕವಲುಗಳು. 2013ರಲ್ಲಿ ಕರ್ನಾಟಕದ ಕೊಟ್ಟಿಗೆಗಳನ್ನು ಕಂಗೆಡಿಸಿದ್ದು ಮಧ್ಯಪ್ರಾಚ್ಯ-ದಕ್ಷಿಣ ಏಷ್ಯಾ ಗುಂಪಿನ ‘ಇಂಡ್-2001’ ಎಂಬ ಕವಲು. ಅದೇ ಕವಲು ಅದೇ ವರ್ಷ ಲಿಬಿಯಾದಲ್ಲೂ, 2015ರಲ್ಲಿ ವಿಯೆಟ್ನಾಂನಲ್ಲೂ ಸಿಕ್ಕಿತು.

ನನಗೆ ತುಂಬ ಇಷ್ಟವಾದ ಪತ್ತೇದಾರಿ ಕೆಲಸ ನಡೆದದ್ದು ಇಂಗ್ಲೆಂಡಿನಲ್ಲಿ. 2007ರ ಆಗಸ್ಟ್‌ನಲ್ಲಿ ಸರ್ರೆಯ ಒಂದು ಫಾರ್ಮಿನ ದನಗಳಿಗೆ ಕಾಲುಬಾಯಿ ಬಂತು. ಜೀನ್ ಓದಿದರೆ ಅದು 1967ರ ಬ್ರಿಟಿಷ್ ವೈರಸ್‌ಗೆ ಹೆಚ್ಚುಕಡಿಮೆ ತದ್ರೂಪ! ನಲವತ್ತು ವರ್ಷ ದನದಿಂದ ದನಕ್ಕೆ ಹರಡುತ್ತ ಬಂದಿದ್ದರೆ ಗುರುತೇ ಸಿಗದಷ್ಟು ಬದಲಾಗಬೇಕಿತ್ತು. ಅಂದರೆ ಇದು ಇಷ್ಟು ದಿನ ಹೊರಗೆ ಓಡಾಡಿಲ್ಲ, ಎಲ್ಲೋ ಲ್ಯಾಬಿನಲ್ಲಿ ಇತ್ತು. ಆ ತಳಿಯನ್ನು ಇಟ್ಟುಕೊಂಡಿದ್ದ ಪಿರ್‌ಬ್ರೈಟ್‌ನ ಲ್ಯಾಬುಗಳು ಫಾರ್ಮಿನಿಂದ ಕೆಲವೇ ಕಿಲೋಮೀಟರ್ ದೂರ. ತನಿಖೆಯವರು ಪರಿಶೀಲಿಸಿ ನೋಡಿದಾಗ ಅಲ್ಲಿನ ಹಳೆಯ ಡ್ರೈನೇಜ್ ಪೈಪುಗಳು ಸೋರುತ್ತಿದ್ದವು.