ಒತ್ತಡಕ್ಕೆ ಪಂಕ್ತಿಭೇದ ಗೊತ್ತಿಲ್ಲ

ಆಗಸ್ಟಿನಲ್ಲಿ ತಾಮ್ಹಿಣಿ ಘಾಟಿಗೆ ಹೋಗಿ ಬಂದ ಮೇಲೆ ನಮ್ಮ ಭಾವನ ಹಳೇ ಜೀಪಿನ ಬ್ರೇಕ್ ಪೆಡಲ್ ಸರಿ ಇರಲಿಲ್ಲ. ಹುಬ್ಬಳ್ಳಿ ಬಿಟ್ಟು ಪುಣೆಯ ಕೋಥ್ರೂಡಿಗೆ ಬಂದು ಇಪ್ಪತ್ತು ವರ್ಷವಾದರೂ ಅವರು ಆ ಜೀಪನ್ನು ಬಿಟ್ಟಿಲ್ಲ. ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ಬದಲಿಸಿದರು, ಬ್ರೇಕ್ ಪೈಪಿನೊಳಗೆ ಸೇರಿದ್ದ ಗಾಳಿಯನ್ನು, ಅಂದರೆ ಏರ್, ಎರಡು ಸಲ ತೆಗೆದರು. ಆದರೂ ಪೆಡಲ್ ಒತ್ತಿದರೆ ಕೆಸರಲ್ಲಿ ಕಾಲಿಟ್ಟ ಹಾಗೇ ಇತ್ತು. ಶನಿವಾರ ನೋಡಿದರೆ ಬಂಪರಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟಿದ್ದರು.

"ಏನ್ ಭಾವಾ ಇದು?" ಅಂದೆ.

"ಇರ್ಲಿ ಬಿಡಪಾ. ಆ ತಿರುವಿನ್ಯಾಗ ಏನೋ ಐತಿ ಅಂತಾರ. ಇಳಿಯೂ ಮುಂದ ಪೆಡಲ್ ಪೂರಾ ಒಳಗ ಹೋತು. ಅರ್ಧ ತಾಸು ನಿಲ್ಲಿಸಿ ಒತ್ತಿದ್ರ ಮತ್ತ ಬ್ರೇಕ್ ಹಿಡೀತು!"

ಭಾವ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅರ್ಧ ತಾಸಿನ ನಂತರ ಬ್ರೇಕ್ ಮತ್ತೆ ಹಿಡಿಯುತ್ತದೆ, ಗ್ಯಾರೇಜಿಗೆ ಒಯ್ದರೆ ಏನೂ ಸಿಗುವುದಿಲ್ಲ. ಭೂತದ ಕಥೆ ಹುಟ್ಟುವುದೇ ಇಂಥ ಕಡೆ. ಅದಕ್ಕೇ ನನಗೆ ಭಯ. ನಿಂಬೆಹಣ್ಣು ಕಟ್ಟಿ ಸಮಾಧಾನ ಆದವರು ಜೀಪಿನ ಕೆಳಗೆ ಮಲಗಿ ನೋಡುವುದಿಲ್ಲ.

ನೋಡಬೇಕಾದ್ದು ಏನು ಅಂತ ಫ್ರಾನ್ಸಿನ ಪಾಸ್ಕಲ್ ಯಾವತ್ತೋ ಬರೆದಿಟ್ಟಿದ್ದಾನೆ. ಅವನು ತೀರಿಕೊಂಡ ಮರುವರ್ಷ, 1663ರಲ್ಲಿ, ಅದು ಅಚ್ಚಾಯಿತು. ಮುಚ್ಚಿಟ್ಟ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲಾ ಕಡೆಗೂ ಅಷ್ಟಕ್ಕಷ್ಟೇ ಹೋಗುತ್ತದೆ. ಒತ್ತಡ ಪಂಕ್ತಿಭೇದ ಮಾಡುವುದಿಲ್ಲ. ಬ್ರೇಕ್ ಪೆಡಲಿನಿಂದ ನಾವು ದ್ರವವನ್ನು ಒತ್ತುವುದು ಚಕ್ರದ ಹತ್ತಿರ ಇರುವ ಸಿಲಿಂಡರಿಗೆ ಅಂತ, ಅಲ್ವಾ? ಆದರೆ ದಾರಿಯಲ್ಲಿರುವ ಪ್ರತಿ ಪೈಪಿಗೂ, ಪ್ರತಿ ವಾಷರಿಗೂ, ಪ್ರತಿ ಗುಳ್ಳೆಗೂ ಅಷ್ಟೇ ಬಡಿಸಿರುತ್ತದೆ. ಪೆಡಲ್ ಮೆತ್ತಗಾಯಿತು ಅಂದರೆ ಆ ಸಾಲಿನಲ್ಲಿ ಯಾರೋ ಒಬ್ಬರು ಬಗ್ಗುತ್ತಿದ್ದಾರೆ. ಅದು ಯಾರು ಅಂತ ಹುಡುಕುವುದೇ ಕೆಲಸ.

ಮೊದಲು ಗಾಳಿಯನ್ನೇ ನೋಡೋಣ. ಪೆಡಲ್ ಒತ್ತಿದಾಗ ದ್ರವವನ್ನು ಪೈಪಿಗೆ ತಳ್ಳುವುದು ಮಾಸ್ಟರ್ ಸಿಲಿಂಡರ್. ಅದರ ಪಿಸ್ಟನ್ ಒಂದು ಇಂಚು ಅಗಲ ಅಂತ ಇಟ್ಟುಕೊಳ್ಳಿ. ಪಿಸ್ಟನ್ನಿನ ಮುಖ ಸುಮಾರು 5 ಚದರ ಸೆಂಟಿಮೀಟರ್. ಪೆಡಲ್ ಸನ್ನೆಗೋಲಿನ ಹಾಗೆ ಬಲವನ್ನು ಐದು ಪಟ್ಟು ಮಾಡುತ್ತದೆ ಅನ್ನೋಣ. ಕಾಲಿನಿಂದ 30 ಕಿಲೋ ಭಾರ ಹಾಕಿದರೆ ಪಿಸ್ಟನ್ ಮೇಲೆ 150 ಕಿಲೋ, ಅಂದರೆ ಚದರ ಸೆಂಟಿಮೀಟರಿಗೆ 30 ಕಿಲೋ. ಈ ಒತ್ತಡದಲ್ಲಿ ನೀರಿನಂಥ ದ್ರವ ಕುಗ್ಗುವುದು ಸಾವಿರಕ್ಕೆ ಒಂದೆರಡು ಪಾಲು ಮಾತ್ರ. ಗಾಳಿ ಹಾಗಲ್ಲ, ಮೂವತ್ತರಲ್ಲಿ ಒಂದು ಪಾಲಿಗೆ ಇಳಿದುಬಿಡುತ್ತದೆ. ಒಂದು ಟೀ ಚಮಚದಷ್ಟು, 5 ಮಿಲಿಲೀಟರ್ ಗಾಳಿ ಒಳಗಿದ್ದರೆ ಅದನ್ನು ಹಿಂಡುವುದಕ್ಕೇ ಪಿಸ್ಟನ್ ಹೆಚ್ಚುಕಮ್ಮಿ 1 ಸೆಂಟಿಮೀಟರ್ ಓಡಬೇಕು. ಪೆಡಲ್ ಅದರ ಐದು ಪಟ್ಟು, 5 ಸೆಂಟಿಮೀಟರ್ ಇಳಿಯಬೇಕು. ಒಂದು ಚಮಚ ಗಾಳಿಗೆ ಅರ್ಧ ಪೆಡಲ್ ಹೋಯಿತು! ಓಕುಳಿಯ ಪಿಚಕಾರಿಗೆ ಪೂರ್ತಿ ನೀರು ತುಂಬಿ ತುದಿ ಮುಚ್ಚಿ ಒತ್ತಿ ನೋಡಿ, ಗೋಡೆ ಒತ್ತಿದ ಹಾಗಿರುತ್ತದೆ. ಸ್ವಲ್ಪ ಗಾಳಿ ಬಿಟ್ಟು ಒತ್ತಿದರೆ ಸ್ಪ್ರಿಂಗಿನಂತೆ ಕುಣಿಯುತ್ತದೆ.

ಇನ್ನು ಆ ತಿರುವಿನ ಭೂತ. ಬ್ರೇಕ್ ಆಯಿಲ್ ಅಂತ ಕರೆದರೂ ಅದು ಎಣ್ಣೆಯಲ್ಲ. ಕಡಿಮೆ ಆಯಿತು ಅಂತ ಸುಮ್ನೆ ಎಂಜಿನ್ ಆಯಿಲ್ ಸುರಿಯುವವರಿದ್ದಾರೆ, ಒಳಗಿನ ರಬ್ಬರೆಲ್ಲ ಉಬ್ಬಿ ಕೆಡುತ್ತದೆ. ನಮ್ಮ ಹಳೇ ಗಾಡಿಗಳಲ್ಲಿ ಇರುವುದು ಗ್ಲೈಕಾಲ್ ಜಾತಿಯ ದ್ರವ. ಅದಕ್ಕೆ ತೇವ ಅಂದರೆ ಪ್ರಾಣ. ಮಳೆಗಾಲದ ಉಪ್ಪಿನ ಭರಣಿ ನೋಡಿದ್ದೀರಲ್ಲ? ಡಬ್ಬದ ಮುಚ್ಚಳ ಸಡಿಲವಾದರೆ ಹಪ್ಪಳ ಒಂದೇ ದಿನಕ್ಕೆ ಮೆತ್ತಗಾಗುವುದಿಲ್ಲವೇ? ಹಾಗೇ ಇದೂ ಮುಚ್ಚಳದ ಸಣ್ಣ ರಂಧ್ರದಿಂದ, ರಬ್ಬರ್ ಪೈಪಿನ ಮೂಲಕ ತೇವ ಹೀರುತ್ತಲೇ ಇರುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದೇ ದ್ರವ ನೂರಕ್ಕೆ ಮೂರೂವರೆ ಪಾಲಿಗಿಂತ ಸ್ವಲ್ಪ ಜಾಸ್ತಿ ನೀರು ಕುಡಿದರೆ 140ಕ್ಕೇ ಕುದಿಯಬಹುದು.

ಒಂದೂವರೆ ಟನ್ನಿನ ಜೀಪು 500 ಮೀಟರ್ ಎತ್ತರದಿಂದ ಬರೀ ಬ್ರೇಕ್ ಹಿಡಿದು ಇಳಿದರೆ ಹುಟ್ಟುವ ಶಾಖ ಇಪ್ಪತ್ತು ಲೀಟರಿಗೂ ಜಾಸ್ತಿ ನೀರನ್ನು ಮರಳಿಸುವಷ್ಟು. ದೊಡ್ಡ ಬಕೆಟ್ ತುಂಬ ಕುದಿನೀರಿನ ಶಾಖ ಚಕ್ರಗಳ ನಾಲ್ಕು ಬ್ರೇಕ್ ಡ್ರಮ್ಮುಗಳಲ್ಲಿ! ಡ್ರಮ್ಮಿನ ಬಿಸಿ ವೀಲ್ ಸಿಲಿಂಡರಿಗೆ ತಟ್ಟಿತು, ಹಳೇ ದ್ರವ ಕುದಿಯಿತು, ಆವಿಯಾಯಿತು. ಆವಿಯೂ ಗಾಳಿಯ ಹಾಗೇ ಹಿಂಡಿಸಿಕೊಳ್ಳುತ್ತದೆ. ಪೆಡಲ್ ಸೀದಾ ಕೆಳಗೆ. ಅರ್ಧ ತಾಸು ನಿಂತಾಗ ತಣ್ಣಗಾಗಿ ಆವಿ ಮತ್ತೆ ದ್ರವವಾಯಿತು. ಸಾಕ್ಷಿ ಮಾಯ. ಭೂತದ ಕಥೆ ಇಷ್ಟೇ. ಘಾಟ್ ಹತ್ತಿದ ಗೇರಿನಲ್ಲೇ ಇಳಿಯಬೇಕು ಅಂತ ಹಿರಿಯ ಡ್ರೈವರುಗಳು ಹೇಳುವುದೂ ಇದಕ್ಕೇ. ಆ ಶಾಖದ ಪಾಲನ್ನು ಎಂಜಿನ್ ಹೊರುತ್ತದೆ.

ಪೆಡಲ್ ಮೆತ್ತಗಿರುವುದಲ್ಲದೆ ಒತ್ತಿ ಹಿಡಿದಾಗ ನಿಧಾನವಾಗಿ ಇಳಿಯುತ್ತಲೇ ಹೋದರೆ ಅದು ಬೇರೆ ಕಾಯಿಲೆ. ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಕಥೆ ಇದೆ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ನೀರಿನ ಒತ್ತಡದಿಂದ ಕೆಲಸ ಮಾಡುವ ಪ್ರೆಸ್ಸಿಗೆ ಪೇಟೆಂಟ್ ಪಡೆದ. ಆದರೆ ಪಿಸ್ಟನ್ ಪಕ್ಕದಿಂದ ನೀರು ಜಿನುಗುತ್ತಿತ್ತು. ಬಿಗಿ ಮಾಡಿದರೆ ಪಿಸ್ಟನ್ ಓಡದು, ಸಡಿಲ ಬಿಟ್ಟರೆ ಸೋರುತ್ತದೆ. ಅವನ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್ಸ್ಲೆ ಬಟ್ಟಲಿನ ಆಕಾರದ ಚರ್ಮದ ವಾಷರ್ ಹಾಕಿದ ಅಂತ ಹೇಳುತ್ತಾರೆ. ನೀರು ಬಟ್ಟಲಿನ ಒಳಗೆ ತುಂಬಿ ಅಂಚನ್ನು ಗೋಡೆಗೆ ಒತ್ತುತ್ತದೆ. ಗಾಳಿ ತುಂಬಿದ ಹಾಯಿಯಂತೆ ಬಿಚ್ಚಿಕೊಳ್ಳುತ್ತದೆ. ಒತ್ತಡ ಜಾಸ್ತಿಯಾದಷ್ಟೂ ಬಿಗಿ ಜಾಸ್ತಿ. ಸೋರಿಸಲು ಬಂದ ನೀರೇ ಸೋರದಂತೆ ಕಾಯುತ್ತದೆ!

1921ರಲ್ಲಿ ಅಮೆರಿಕದ ಡ್ಯೂಸನ್‌ಬರ್ಗ್ ಕಾರಿನ ನಾಲ್ಕೂ ಚಕ್ರಕ್ಕೆ ದ್ರವದ ಬ್ರೇಕ್ ಬಂತು. ಮಹಾಯುದ್ಧದ ವಿಲ್ಲೀಸ್ ಜೀಪಿಗೂ ಅದೇ. ಇವತ್ತಿನ ಮಾಸ್ಟರ್ ಸಿಲಿಂಡರಿನಲ್ಲೂ ಅದೇ ಬಟ್ಟಲು ಇದೆ, ಚರ್ಮದ ಬದಲು ರಬ್ಬರು. ಅದರ ಅಂಚು ಸವೆದಾಗ ಒಂದು ವಿಚಿತ್ರ ಕಾಣುತ್ತದೆ. ಜೋರಾಗಿ ತುಳಿದರೆ ಪೆಡಲ್ ನಿಲ್ಲುತ್ತದೆ, ಸಿಗ್ನಲ್ಲಿನಲ್ಲಿ ಹಗುರವಾಗಿ ಒತ್ತಿ ಹಿಡಿದರೆ ಇಳಿಯುತ್ತದೆ. ಹಗುರ ಒತ್ತಡಕ್ಕೆ ಅಂಚು ಬಿಚ್ಚಿಕೊಳ್ಳುವುದಿಲ್ಲ, ದ್ರವ ಹಿಂದಕ್ಕೆ ನುಸುಳುತ್ತದೆ. ಹೊರಗೆ ಒಂದು ಹನಿಯೂ ಬೀಳುವುದಿಲ್ಲ. ಅಂಥ ಗಾಡಿಯನ್ನು ರಿಪೇರಿ ಆಗುವವರೆಗೆ ರಸ್ತೆಗೆ ಇಳಿಸಲೇಬಾರದು.

ಭಾವನ ಪೆಡಲ್ ಇಳಿಯುತ್ತಿರಲಿಲ್ಲ. ಹಿಡಿದರೆ ನಿಲ್ಲುತ್ತಿತ್ತು, ಆದರೆ ಮೆತ್ತಗೆ. ಎರಡು ಮೂರು ಸಲ ಪಂಪ್ ಮಾಡಿದರೂ ಅಷ್ಟೇ. ಡ್ರಮ್ಮಿಗೆ ಒಳಗಿಂದ ಉಜ್ಜಿ ಚಕ್ರ ನಿಲ್ಲಿಸುವ ಬ್ರೇಕ್ ಶೂ ದೂರ ಆಗಿದ್ದರೆ ಎರಡನೇ ಒತ್ತಿಗೆ ಪೆಡಲ್ ಮೇಲೆ ಬಂದು ಗಟ್ಟಿಯಾಗಬೇಕಿತ್ತು. ಹೊಸ ದ್ರವ, ಗಾಳಿಯೂ ಹೋಗಿದೆ. ಹಾಗಾದರೆ ಬಗ್ಗುತ್ತಿರುವವರು ಯಾರು?

ಭಾನುವಾರ ಬೆಳಿಗ್ಗೆ ಸೊಸೈಟಿಯ ಪಾರ್ಕಿಂಗಿನಲ್ಲಿ ಗೋಣಿಚೀಲ ಹಾಸಿ ಜೀಪಿನ ಕೆಳಗೆ ಮಲಗಿದೆ. ಎಂಜಿನ್ ಬಂದ್, ಚಕ್ರಗಳಿಗೆ ಕಲ್ಲು. ಹಿಂದಿನ ಆ್ಯಕ್ಸಲಿಗೆ ಹೋಗುವ ರಬ್ಬರ್ ಪೈಪಿನ ತುಂಬ ಸಣ್ಣ ಸಣ್ಣ ಬಿರುಕು, ಒಣಗಿದ ಕೆಸರು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

"ಒತ್ರಿ ಭಾವಾ."

ಮುಷ್ಟಿಯೊಳಗೆ ಪೈಪು ಉಬ್ಬಿತು, ಮಳೆಗಾಲದ ಕಪ್ಪೆಯ ಗಂಟಲಿನ ಹಾಗೆ. ಬಿಟ್ಟರೆ ಇಳಿಯಿತು. ಮತ್ತೆ ಒತ್ತಿಸಿದೆ, ಮತ್ತೆ ಉಬ್ಬಿತು. ಆಮೇಲೆ ಭಾವನನ್ನು ಕೆಳಗೆ ಮಲಗಿಸಿ, ಅವರ ಕೈಗೆ ಪೈಪು ಕೊಟ್ಟು ನಾನು ಪೆಡಲ್ ಒತ್ತಿದೆ.

"ಅಯ್ಯ! ಇದು ಉಸಿರಾಡಾಕತ್ತೈತಲ್ಲೋ!" ಅಂತ ಕೆಳಗಿಂದ ಕೂಗಿದರು.

ಎಲ್ಲಾ ರಬ್ಬರ್ ಪೈಪುಗಳನ್ನೂ ಬದಲಿಸಿ ಮತ್ತೊಮ್ಮೆ ಏರ್ ತೆಗೆಸಿದೆವು. ಭಾವ ಸೀಟಿನಲ್ಲಿ ಕೂತು ಪೆಡಲ್ ಒತ್ತಿ, ಬಿಟ್ಟು, ಮತ್ತೆ ಒತ್ತಿ ನೋಡಿದರು. ಇದು ಹಿಂದೆ ಯಾವಾಗ ಇಷ್ಟು ಗಟ್ಟಿ ಇತ್ತು ಅಂತ ಅವರಿಗೆ ನೆನಪೇ ಆಗಲಿಲ್ಲ.